ಮ್ಯಾಕ್ರಮೆ ಜಾಳಿಗೆ ಬ್ಯಾಗು, ಅದಕ್ಕೊಪ್ಪುವ ಕೀಚೈನು: ದಾರದ ಲೆಕ್ಕ, ಪಕ್ಕದ ಜೋಡಣೆ, ತಿರುಚಿಕೊಳ್ಳುವ ಪಟ್ಟಿ

ಎಳೆಎಳೆ

3 ಮಿ.ಮೀ. ಹತ್ತಿ ದಾರದಲ್ಲಿ ಜಾಳಿಗೆಯ ಹಾಗೆ ಕಾಣುವ ಮ್ಯಾಕ್ರಮೆ, ಅಂದರೆ ಕೈಯಿಂದ ಗಂಟು ಹಾಕುತ್ತ ಹೆಣೆಯುವ, ಬ್ಯಾಗ್ ಮಾಡಬೇಕು. ಅರ್ಧಚಂದ್ರದ ಆಕಾರದ ಎರಡು ಮರದ ಹಿಡಿಗಳಿವೆ, ದಾರ ಕಟ್ಟುವ ನೇರ ಕಡ್ಡಿಯ ಒಳ ಅಳತೆ 13 ಸೆಂ.ಮೀ. ಮುಗಿದಾಗ ಅಗಲ 25, ಎತ್ತರ 28 ಸೆಂ.ಮೀ. ಆಸುಪಾಸು ಬಂದರೆ ಸಾಕು. ಅದೇ ದಾರದಲ್ಲಿ ಜೊತೆಗೊಂದು ಕೀಚೈನ್ ಕೂಡ ಬೇಕು.

ಮೊದಲು ಮಾದರಿಗೆಂದು ಹೆಣೆದದ್ದರಲ್ಲಿ ಮೂರು ತಪ್ಪು ಬಂದಿವೆ:

ಒಂದು, ಪ್ರತಿ ದಾರ 1.5 ಮೀಟರ್ ಕತ್ತರಿಸಿದ್ದು, ತಳ ಕಟ್ಟುವಷ್ಟು ಉಳಿಯಲಿಲ್ಲ.

ಎರಡು, ಮುಂದಿನ ಭಾಗ, ಹಿಂದಿನ ಭಾಗ ಬೇರೆ ಬೇರೆ ಎರಡು ಸಾಲು ಹಾಕಿ ಮೂರನೇ ಸಾಲಿನಲ್ಲಿ ಜೋಡಿಸಿದ್ದು. ಎರಡೂ ಪಕ್ಕದಲ್ಲಿ ಸೀಳು ಬಿಟ್ಟಹಾಗಿದೆ, ಅಲ್ಲಿ ಗಂಟಿನ ಕೆಳಗೆ ಗಂಟೇ ಬಂದು ಕೂತಿದೆ.

ಮೂರು, ಕೀಚೈನಿನ ಪಟ್ಟಿ ಚಪ್ಪಟೆಯಾಗಿ ಬರದೆ ಸ್ಕ್ರೂ ಹಾಗೆ ಸುತ್ತಿಕೊಳ್ಳುತ್ತಿದೆ. ಬಿಗಿ ಹೆಚ್ಚಾಯಿತೆಂದು ಸಡಿಲ ಮಾಡಿದರೂ ಅದೇ ಕಥೆ.

ದಾರ ಎಷ್ಟು ಬೇಕು, ಜೋಡಣೆ ಎಲ್ಲಿ ಮಾಡಬೇಕು, ಈ ತಿರುಚಿಗೆ ಕಾರಣವೇನು?

ಜಾಳಿಗೆ

ಮೂರನೆಯದರಿಂದಲೇ ಹಿಡಿಯೋಣ, ಅದು ಸರಿಯಾದರೆ ಉಳಿದದ್ದು ಸಲೀಸು. ಬಿಗಿಗೂ ತಿರುಚಿಗೂ ಸಂಬಂಧವಿಲ್ಲ. ಸ್ಕ್ವೇರ್ ನಾಟ್, ಅಂದರೆ ಚೌಕ ಗಂಟು, ಎರಡು ಅರ್ಧ ಗಂಟುಗಳ ಜೋಡಿ. ನಾಲ್ಕು ಎಳೆಯಲ್ಲಿ (ಮಧ್ಯಕ್ಕೆ ಮಡಚಿದ ಒಂದು ದಾರವೆಂದರೆ ಎರಡು ಎಳೆ) ನಡುವಿನ ಎರಡು ಸುಮ್ಮನೆ ನಿಂತಿರುತ್ತವೆ, ಹೊರಗಿನ ಎರಡು ಕಟ್ಟುತ್ತವೆ. ಮೊದಲ ಅರ್ಧದಲ್ಲಿ ಎಡಗಡೆಯ ಎಳೆ ನಡುವಿನವುಗಳ ಮುಂದೆ ಹಾದು ಬಲಗಡೆಯ ಎಳೆಯ ಅಡಿಗೆ ಹೋಗುತ್ತದೆ. ಬಲಗಡೆಯದು ನಡುವಿನವುಗಳ ಹಿಂದೆ ಹಾದು ಎಡಗಡೆಯ ಕುಣಿಕೆಯೊಳಗಿಂದ ಮೇಲೆ ಬರುತ್ತದೆ. ಎಳೆದಾಗ ಎರಡೂ ಜಾಗ ಬದಲಿಸಿರುತ್ತವೆ. ಎರಡನೇ ಅರ್ಧವನ್ನು ಬಲಗಡೆಯಿಂದ ಶುರು ಮಾಡಬೇಕು. ಮತ್ತೆ ಎಡದಿಂದಲೇ ಮಾಡಿದರೆ ಅರ್ಧ ಗಂಟೇ ಮರುಕಳಿಸಿ ಪಟ್ಟಿ ಸುತ್ತಿಕೊಳ್ಳುತ್ತದೆ. ನಿಮ್ಮ ಕೀಚೈನಿನಲ್ಲಿ ಆಗಿರುವುದು ಇದೇ.

ಎಡವೋ ಬಲವೋ ಎಂದು ನೆನಪಿಟ್ಟುಕೊಳ್ಳುವುದಕ್ಕಿಂತ ಸುಲಭವಾದ ಗುರುತೊಂದಿದೆ. ಚಪ್ಪಟೆ ಪಟ್ಟಿಯಲ್ಲಿ ಮುಂದೆ ಹಾಯುವುದು ಯಾವಾಗಲೂ ಒಂದೇ ಎಳೆ. ಮೊದಲ ಅರ್ಧದಲ್ಲಿ ಎಡದಿಂದ ಮುಂದೆ ಹಾದ ಎಳೆ ಈಗ ಬಲದಲ್ಲಿದೆ, ಎರಡನೇ ಅರ್ಧದಲ್ಲೂ ಅದೇ ಮುಂದೆ ಬರುತ್ತದೆ. ಆ ಎಳೆಯ ತುದಿಗೆ ಬಣ್ಣದ ಟೇಪ್ ಸುತ್ತಿಡಿ. ಟೇಪಿನ ಎಳೆ ಎಡದಲ್ಲಿರಲಿ, ಬಲದಲ್ಲಿರಲಿ, ಅದೇ ಮುಂದೆ. ಮಧ್ಯದಲ್ಲಿ ಎದ್ದುಹೋಗಿ ಬಂದರೂ ಎಲ್ಲಿಗೆ ನಿಲ್ಲಿಸಿದ್ದು ಎಂದು ತಡಕಾಡಬೇಕಾಗಿಲ್ಲ. ಅನುಮಾನವಿದ್ದರೆ ಕಟ್ಟುವ ಎರಡು ಎಳೆಗಳನ್ನು ಎರಡು ಬಣ್ಣದಲ್ಲಿ ತೆಗೆದುಕೊಂಡು ಹತ್ತು ಗಂಟು ಹಾಕಿ ನೋಡಿ. ಸರಿಯಿದ್ದರೆ ಪಟ್ಟಿಯ ನಡುವೆ ಅಡ್ಡಕ್ಕೆ ಒಂದೇ ಬಣ್ಣ, ಅಂಚಿನ ಉಬ್ಬುಗಳಲ್ಲಿ ಇನ್ನೊಂದು ಬಣ್ಣ. ನಡುವೆ ಎರಡೂ ಬಣ್ಣ ಇಣುಕಿದರೆ ಅಲ್ಲೇ ತಪ್ಪಿದೆ.

ಈಗ ದಾರದ ಲೆಕ್ಕ. "ಉದ್ದದ ನಾಲ್ಕು ಪಟ್ಟು" ಎನ್ನುವ ಸೂತ್ರ ಎಲ್ಲೆಡೆ ಓಡಾಡುತ್ತದೆ, ಆದರೆ ಜಾಳಿಗೆಗೂ ಪಟ್ಟಿಗೂ ಅದನ್ನೇ ಹಾಕಿದರೆ ಎರಡೂ ಕಡೆ ಕೆಡುತ್ತದೆ. 3 ಮಿ.ಮೀ. ದಾರದಲ್ಲಿ ಒಂದು ಪೂರ್ತಿ ಚೌಕ ಗಂಟು ಸುಮಾರು 1 ಸೆಂ.ಮೀ. ಎತ್ತರ. ಕಟ್ಟುವ ಎಳೆ ಒಂದೊಂದೂ ಅದಕ್ಕೆ 4.5 ಸೆಂ.ಮೀ.ವರೆಗೆ ತಿನ್ನುತ್ತದೆ, ನಡುವಿನ ಎಳೆ ಬರೀ 1 ಸೆಂ.ಮೀ. ಜಾಳಿಗೆಯಲ್ಲಿ ಒಂದು ಸಾಲಿನಲ್ಲಿ ಕಟ್ಟಿದ ಎಳೆ ಮುಂದಿನ ಸಾಲಿನಲ್ಲಿ ನಡುವಿಗೆ ಬರುತ್ತದೆ. ಹಾಗಾಗಿ ಎಲ್ಲ ಎಳೆಗಳೂ ಹೆಚ್ಚುಕಡಿಮೆ ಸಮವಾಗಿ ಮುಗಿಯುತ್ತವೆ. ಪಟ್ಟಿಯಲ್ಲಿ ಕೊನೆತನಕ ಅವೇ ಎರಡು ಕಟ್ಟುತ್ತವೆ, ನಡುವಿನವು ಉಳಿದುಹೋಗುತ್ತವೆ.

ನಿಮ್ಮ ಅಳತೆಗೆ ಒಂದು ಎಳೆಯ ಖರ್ಚು ಹೀಗೆ: ಹಿಡಿಗೆ ಸುತ್ತಲು 4, ಹನ್ನೆರಡು ಸಾಲಿನಲ್ಲಿ ಆರು ಸಲ ಕಟ್ಟಲು 27, ಆರು ಸಲ ನಡುವೆ ನಿಲ್ಲಲು 6, ಹತ್ತು ಅಂತರಗಳಿಗೆ 2.5ರಂತೆ 25, ತಳಕ್ಕೆ 6, ಕುಚ್ಚು ಬಿಟ್ಟರೆ 8, ಕೊನೆಯಲ್ಲಿ ಬೆರಳಿಗೆ ಹಿಡಿತ ಸಿಗಲು 15. ಒಟ್ಟು 91 ಸೆಂ.ಮೀ. ಕೈ ಬಿಗಿ ಒಬ್ಬೊಬ್ಬರದು ಒಂದೊಂದು ಥರ, ಆದ್ದರಿಂದ 110 ಇಟ್ಟುಕೊಳ್ಳಿ. ಮಡಚುವುದರಿಂದ ಒಂದು ದಾರ 2.2 ಮೀಟರ್. ಹಿಡಿಯೊಂದಕ್ಕೆ 12 ದಾರ, ಎರಡಕ್ಕೂ 24. ಒಟ್ಟು 53 ಮೀಟರ್. ನೀವು ಕತ್ತರಿಸಿದ 1.5 ಮೀಟರಿನಲ್ಲಿ ಎಳೆಗೆ 75 ಸೆಂ.ಮೀ. ಮಾತ್ರ ಸಿಕ್ಕಿತು, ತಳಕ್ಕೆ ಬರುವ ಹೊತ್ತಿಗೆ ಮುಗಿಯಲೇಬೇಕು.

ಹೆಣೆಯುವ ಕ್ರಮಕ್ಕೆ ಬರುತ್ತೇನೆ.

ಪ್ರತಿ ದಾರವನ್ನು ಸರಿಯಾಗಿ ಮಧ್ಯಕ್ಕೆ ಮಡಚಿ ಲಾರ್ಕ್ಸ್ ಹೆಡ್ ಎನ್ನುವ ಕುಣಿಕೆ ಗಂಟಿನಲ್ಲಿ (ಮಡಿಕೆಯ ಕುಣಿಕೆಯನ್ನು ಕಡ್ಡಿಗೆ ಬಳಸಿ ಎರಡೂ ತುದಿಯನ್ನು ಅದರೊಳಗಿಂದ ಎಳೆದು) ಹಿಡಿಗೆ ಸಿಕ್ಕಿಸಿ. ಒಂದೊಂದು ಕುಣಿಕೆ ಸುಮಾರು 1 ಸೆಂ.ಮೀ. ಜಾಗ ಹಿಡಿಯುತ್ತದೆ, ಹನ್ನೆರಡೂ ನಿಮ್ಮ 13 ಸೆಂ.ಮೀ. ಕಡ್ಡಿಯಲ್ಲಿ ಕೂರುತ್ತವೆ. ಒಂದು ಕಡೆಗೆ 24 ಎಳೆ ಆಯಿತು.

1ನೇ ಸಾಲು: ನಾಲ್ಕು ನಾಲ್ಕರಂತೆ ಆರು ಗಂಟು, ಹಿಡಿಗೆ ಅಂಟಿಕೊಂಡಂತೆ. 2ನೇ ಸಾಲು: ಎರಡೂ ತುದಿಯ ಎರಡೆರಡು ಎಳೆ ಬಿಟ್ಟು ಐದು ಗಂಟು, ಇದೂ ಅಂತರವಿಲ್ಲದೆ ಒತ್ತಾಗಿ. 3ನೇ ಸಾಲಿನಿಂದ 2.5 ಸೆಂ.ಮೀ. ಅಂತರ. ಬೆಸ ಸಂಖ್ಯೆಯ ಸಾಲಿಗೆ ಆರು ಗಂಟು, ಸಮ ಸಂಖ್ಯೆಯ ಸಾಲಿಗೆ ಐದು.

ಜೋಡಣೆಯ ಗುಟ್ಟು ಈ ಐದರಲ್ಲೇ ಇದೆ. ಸಮ ಸಾಲಿನಲ್ಲಿ ಮಾತ್ರ ಪಕ್ಕದ ಎರಡೆರಡು ಎಳೆ ಖಾಲಿ ನೇತಾಡುತ್ತಿರುತ್ತವೆ. ಮುಂಭಾಗದ ಆ ಎರಡು, ಹಿಂಭಾಗದ ಎರಡು ಸೇರಿ ನಾಲ್ಕಾದರೆ ಪಕ್ಕದ ಗಂಟು ತಾನಾಗಿ ಹುಟ್ಟುತ್ತದೆ. ಸುತ್ತಲೂ 5, 5, ಪಕ್ಕಕ್ಕೆ 2, ಒಟ್ಟು 12 ಗಂಟು. ನೀವು 3ನೇ ಸಾಲಿನಲ್ಲಿ ಜೋಡಿಸಲು ಹೋಗಿದ್ದರಿಂದ ಉಳಿದ ಎಳೆಗಳೂ 2ನೇ ಸಾಲಿನ ಗುಂಪಿನಲ್ಲೇ ಮತ್ತೆ ಕಟ್ಟಿಕೊಂಡವು. ಗಂಟಿನ ಕೆಳಗೆ ಗಂಟು ಬಂದದ್ದು ಅದಕ್ಕೇ. ಪಕ್ಕದ ಎಳೆಗಳು 1ನೇ ಸಾಲಿನಿಂದ ನೇರ ಇಳಿದು ಬಂದಿದ್ದರಿಂದ ಸೀಳು. 4ನೇ ಸಾಲಿನಲ್ಲಿ ಜೋಡಿಸಿದರೆ ಬಾಯಿಯ ಪಕ್ಕದ ಸೀಳು 6–7 ಸೆಂ.ಮೀ., 6ನೇ ಸಾಲಿನಲ್ಲಾದರೆ 12ರ ಹತ್ತಿರ. ಮರದ ಹಿಡಿಯ ಬ್ಯಾಗಿಗೆ 6ನೆಯದು ಒಳ್ಳೆಯದು, ಇಲ್ಲವಾದರೆ ಬಾಯಿ ಅಗಲವಾಗಿ ತೆರೆಯುವುದಿಲ್ಲ.

ಅಂತರಕ್ಕೆ ಸ್ಕೇಲ್ ಹಿಡಿದು ಅಳೆಯುತ್ತ ಕೂರಬೇಡಿ. 2.5 ಸೆಂ.ಮೀ. ಅಗಲದ ಗಟ್ಟಿ ರಟ್ಟಿನ ಪಟ್ಟಿಯನ್ನು ಮೇಲಿನ ಸಾಲಿನ ಗಂಟುಗಳ ಅಡಿಗೆ ತಾಗಿಸಿ, ಎಳೆಗಳ ಹಿಂದೆ ಅಡ್ಡಲಾಗಿ ಇಟ್ಟು, ಅದರ ಕೆಳ ಅಂಚಿಗೆ ಗಂಟು ಕೂರಿಸುತ್ತ ಹೋಗಿ. ಇಲ್ಲೊಂದು ಕೈಚಳಕ ಬೇಕು: ಮೊದಲು ನಡುವಿನ ಎರಡು ಎಳೆಯನ್ನು ಕೆಳಕ್ಕೆ ಎಳೆದು ಬಿಗಿ ಮಾಡಿ, ಕಿರುಬೆರಳು ಉಂಗುರಬೆರಳ ನಡುವೆ ಸಿಕ್ಕಿಸಿಕೊಳ್ಳಿ. ಕಟ್ಟುವ ಎಳೆಗಳನ್ನು ಕೆಳಕ್ಕಲ್ಲ, ಅಡ್ಡಕ್ಕೆ, ಎಡಬಲಕ್ಕೆ ಎಳೆಯಿರಿ. ಮೊದಲ ಅರ್ಧ ಗಂಟು ರಟ್ಟಿನ ಅಂಚು ದಾಟಿ ಮೇಲೆ ಜಾರದಂತೆ ಹೆಬ್ಬೆರಳಿನ ಉಗುರಿನಿಂದ ಒತ್ತಿ ಹಿಡಿದೇ ಎರಡನೇ ಅರ್ಧ ಹಾಕಿ. ನಡುವಿನ ಎಳೆ ಸಡಿಲವಿದ್ದರೆ ಗಂಟು ಅದನ್ನೂ ಕಚ್ಚಿಕೊಂಡು ಮೇಲೇರುತ್ತದೆ. ಸಾಲು ಡೊಂಕಾಗುವುದು ಅಲ್ಲಿಂದಲೇ.

ಜೋಡಿಸಿದ ಮೇಲೆ ಒಳಗೆ 24 ಸೆಂ.ಮೀ. ಅಗಲದ ರಟ್ಟು ಇಳಿಬಿಡಿ. ಹಿಂದಿನ ಎಳೆ ಮುಂದಿನದರ ಜೊತೆ ಬೆರೆಯುವುದಿಲ್ಲ, ಅಗಲವೂ ಒಂದೇ ಸಮ ಉಳಿಯುತ್ತದೆ. ಅಗಲಕ್ಕೆ ಹಿಗ್ಗಿದಾಗ ಎಳೆಗಳು ಓರೆಯಾಗುವುದರಿಂದ ಹನ್ನೆರಡು ಸಾಲಿಗೆ ಎತ್ತರ 28–29 ಬರುತ್ತದೆ. ಜಾಳಿಗೆ ಖಾಲಿಯಿದ್ದಾಗ ಕುಗ್ಗಿ ಉದ್ದವಾಗಿಯೂ ತುಂಬಿದಾಗ ಹಿಗ್ಗಿ ಗಿಡ್ಡವಾಗಿಯೂ ಕಾಣುತ್ತದೆ, ಒಂದೆರಡು ಸೆಂ.ಮೀ. ವ್ಯತ್ಯಾಸಕ್ಕೆ ಗಾಬರಿಯಾಗಬೇಡಿ.

ತಳಕ್ಕೆ ಮುಂದಿನ ಎರಡು, ಹಿಂದಿನ ಎರಡು ಎಳೆ ಸೇರಿಸಿ ಹನ್ನೆರಡು ಗಂಟು. ಕಟ್ಟುವ ಎಳೆಗಳಲ್ಲಿ ಒಂದು ಮುಂದಿನದು, ಒಂದು ಹಿಂದಿನದು ಇರಲಿ, ನಡುವೆಯೂ ಹಾಗೆಯೇ. ಆಗ ಎರಡೂ ಪದರ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಇಲ್ಲಿ ಭಾರ ಬೀಳುವುದರಿಂದ ಎರಡರ ಬದಲು ಮೂರು ಅರ್ಧ ಗಂಟು ಹಾಕಿ. ಕುಚ್ಚು ಬೇಡವಾದರೆ ಬ್ಯಾಗನ್ನು ಒಳಮೈ ಹೊರಗೆ ಮಾಡಿಕೊಂಡು ಕಟ್ಟಿ, 2 ಸೆಂ.ಮೀ. ಬಿಟ್ಟು ಕತ್ತರಿಸಿ, ಬಟ್ಟೆಯ ಅಂಟು ಸವರಿ, ತಿರುಗಿಸಿ.

ಕುಚ್ಚುಕಟ್ಟು

ಮೇಲಿನವರು ದಾರದ ಜಾತಿ ಹೇಳಲಿಲ್ಲ, ಬ್ಯಾಗಿಗೆ ಅದು ಮುಖ್ಯ. ಒಂದೇ ಹುರಿಯ ಮೆತ್ತನೆ ದಾರ, ಅದೇ ಸಿಂಗಲ್ ಸ್ಟ್ರ್ಯಾಂಡ್, ಗೋಡೆಗೆ ನೇತುಹಾಕುವುದಕ್ಕೆ ಚೆಂದ. ಬ್ಯಾಗಿಗೆ ಹಾಕಿದರೆ ಬಟ್ಟೆಗೆ ಉಜ್ಜಿ ಉಜ್ಜಿ ನಾರು ಏಳುತ್ತದೆ. ಮೂರು ಹುರಿ ಸೇರಿಸಿ ಹೊಸೆದದ್ದು ಅಥವಾ ಜಡೆಯಂತೆ ಹೆಣೆದ ಬ್ರೇಯ್ಡೆಡ್ ದಾರ ತೆಗೆದುಕೊಳ್ಳಿ. ಹೊಸೆದದ್ದಾದರೆ ಕತ್ತರಿಸುವ ಮುಂಚೆ ಆ ಜಾಗಕ್ಕೆ ಟೇಪ್ ಸುತ್ತಿ ಟೇಪಿನ ಮಧ್ಯಕ್ಕೆ ಕತ್ತರಿ ಹಾಕಿ, ಇಲ್ಲವಾದರೆ ಹೆಣೆಯುವಷ್ಟರಲ್ಲಿ ತುದಿಯಿಂದ ಒಂದು ಗೇಣು ಬಿಚ್ಚಿಕೊಂಡಿರುತ್ತದೆ. ಬೆಂಕಿ ತಾಗಿಸಿ ತುದಿ ಕರಗಿಸುವುದು ನೈಲಾನ್, ಪಾಲಿಯೆಸ್ಟರಿಗೆ ಮಾತ್ರ. ಹತ್ತಿ ಕರಗುವುದಿಲ್ಲ, ಸುಡುತ್ತದೆ.

ಕೀಚೈನಿಗೆ ಪಟ್ಟಿಯ ಲೆಕ್ಕವೇ ಬೇರೆ, ಎರಡು ದಾರವನ್ನು ಒಂದೇ ಉದ್ದಕ್ಕೆ ಕತ್ತರಿಸಬೇಡಿ. 9 ಸೆಂ.ಮೀ. ಪಟ್ಟಿಗೆ: ನಡು ಎಳೆಗಳಿಗೆ 50 ಸೆಂ.ಮೀ. ದಾರ ಒಂದು, ಕಟ್ಟುವ ಎಳೆಗಳಿಗೆ 115 ಸೆಂ.ಮೀ. ಒಂದು, ಕೊನೆಯ ಸುತ್ತು ಗಂಟಿಗೆ 60 ಸೆಂ.ಮೀ. ಇನ್ನೊಂದು. ಕೊಕ್ಕೆಯ ಉಂಗುರಕ್ಕೆ ಮೊದಲು ಗಿಡ್ಡ ದಾರವನ್ನು ಕುಣಿಕೆ ಗಂಟಲ್ಲಿ ಸಿಕ್ಕಿಸಿ. ಉದ್ದದ್ದರ ಮಧ್ಯವನ್ನು ಅದರ ಹಿಂದೆ ಅಡ್ಡಲಾಗಿಟ್ಟು ಚೌಕ ಗಂಟು ಶುರು ಮಾಡಿ, ಅದನ್ನು ಉಂಗುರಕ್ಕೆ ಸಿಕ್ಕಿಸುವ ಅಗತ್ಯವಿಲ್ಲ. ಒಂಬತ್ತು ಗಂಟಿಗೆ 9 ಸೆಂ.ಮೀ. ಸರಿಹೋಗುತ್ತದೆ.

ಮಣಿ ಬೇಕಿದ್ದರೆ ನಾಲ್ಕನೇ ಗಂಟಿನ ನಂತರ ನಡು ಎಳೆ ಎರಡನ್ನೂ ಮಣಿಯೊಳಗೆ ತೂರಿಸಿ, ಕಟ್ಟುವ ಎಳೆಗಳನ್ನು ಎರಡೂ ಬದಿಯಿಂದ ಬಳಸಿ ತಂದು ಕೆಳಗೆ ಮುಂದುವರಿಸಿ. ಎರಡು 3 ಮಿ.ಮೀ. ಎಳೆ ಅಕ್ಕಪಕ್ಕ 6 ಮಿ.ಮೀ. ಆಗುತ್ತದೆ, ಮಣಿಯ ತೂತು 6–7 ಮಿ.ಮೀ. ಇರಲೇಬೇಕು. ತುದಿಗೆ ಟೇಪನ್ನು ಚೂಪಾಗಿ ಸುತ್ತಿದರೆ ಸಲೀಸಾಗಿ ತೂರುತ್ತದೆ. ಮಣಿಯ ಕೆಳಗೆ ಮತ್ತೆ ಹಾಕುವಾಗಲೂ ಟೇಪಿನ ಎಳೆಯೇ ಮುಂದೆ. ಹೆಚ್ಚಿನವರು ತಪ್ಪುವುದು ಇಲ್ಲೇ.

ಸುತ್ತು ಗಂಟಿಗೆ 60 ಸೆಂ.ಮೀ. ತುಂಡಿನಿಂದ ಕೆಳಮುಖವಾಗಿ ಒಂದು ಕುಣಿಕೆ ಮಾಡಿ, ಗಿಡ್ಡ ತುದಿ ಮೇಲೆ ಚಾಚಿಕೊಂಡಿರುವಂತೆ ಎಲ್ಲ ಎಳೆಗಳ ಮೇಲಿಡಿ. ಉದ್ದನೆಯ ತುದಿಯಿಂದ ಮೇಲಿಂದ ಕೆಳಕ್ಕೆ ಆರೇಳು ಸುತ್ತು ಬಿಗಿಯಾಗಿ ಸುತ್ತಿ ಅದೇ ತುದಿಯನ್ನು ಕೆಳಗಿನ ಕುಣಿಕೆಯೊಳಗೆ ಹಾಕಿ. ಈಗ ಮೇಲಿನ ಗಿಡ್ಡ ತುದಿ ಎಳೆಯಿರಿ. ಕುಣಿಕೆ ಸುತ್ತುಗಳ ಒಳಗೆ ಅರ್ಧದಷ್ಟು ಹೋದದ್ದು ಬೆರಳಿಗೆ ಗೊತ್ತಾಗುತ್ತದೆ, ಅಲ್ಲಿಗೆ ನಿಲ್ಲಿಸಿ ಎರಡೂ ತುದಿ ಬುಡಕ್ಕೆ ಕತ್ತರಿಸಿ. ಪೂರ್ತಿ ಎಳೆದರೆ ಕುಣಿಕೆ ಮೇಲಿಂದ ಈಚೆ ಬಂದು ಸುತ್ತೆಲ್ಲ ಸಡಿಲವಾಗುತ್ತದೆ.

ಬ್ಯಾಗಿಗೆ ಒಪ್ಪಬೇಕೆಂದರೆ ಕೀಚೈನಿಗೆ 2 ಮಿ.ಮೀ. ದಾರ ಬಳಸಿ ಎಂದು ನನ್ನ ಸಲಹೆ. 3 ಮಿ.ಮೀ. ಅಷ್ಟು ಪುಟ್ಟ ವಸ್ತುವಿಗೆ ದಪ್ಪವಾಯಿತು.

ಜಾಳಿಗೆ

2 ಮಿ.ಮೀ. ಬೇಡ ಎನ್ನುತ್ತೇನೆ. ದಪ್ಪ ಬದಲಾದರೆ ಬಣ್ಣವೂ ಒಂದಿಷ್ಟು ಬೇರೆ ಕಾಣುತ್ತದೆ, ಪಕ್ಕಪಕ್ಕ ಇಟ್ಟಾಗ ಜೋಡಿ ಅನ್ನಿಸುವುದಿಲ್ಲ. ಜೋಡಿ ಕಾಣುವುದು ಗಂಟಿನ ವಿನ್ಯಾಸದಿಂದ. ಪಟ್ಟಿಯ ಬದಲು ಬ್ಯಾಗಿನ ಮೇಲಂಚಿನ ಒತ್ತು ಹೆಣಿಗೆಯನ್ನೇ ಕೀಚೈನಿಗೆ ತನ್ನಿ: 25 ಮಿ.ಮೀ. ಒಳವ್ಯಾಸದ ಉಂಗುರಕ್ಕೆ 80 ಸೆಂ.ಮೀ.ಯ ನಾಲ್ಕು ದಾರ, ಎಂಟು ಎಳೆ. ಸಾಲಿಗೆ 2, 1, 2, 1, 2 ಗಂಟು, ಅಂತರವಿಲ್ಲದೆ. ಐದು ಸಾಲಿಗೆ 5 ಸೆಂ.ಮೀ. ಬರುತ್ತದೆ, ಕೆಳಗೆ 6 ಸೆಂ.ಮೀ. ಕುಚ್ಚು ಬಿಡಿ. ದಾರ 3.2 ಮೀಟರ್ ಸಾಕು. ಇದು ಜಾಳಿಗೆಯದೇ ಕ್ರಮವಾದ್ದರಿಂದ ಎಳೆಗಳೂ ಹೆಚ್ಚುಕಡಿಮೆ ಸಮವಾಗಿ ಮುಗಿಯುತ್ತವೆ, ಉದ್ದ ಗಿಡ್ಡ ಎಂದು ಬೇರೆ ಬೇರೆ ಕತ್ತರಿಸಬೇಕಾಗಿಲ್ಲ.

ಎಳೆಎಳೆ

ಟೇಪಿನ ಉಪಾಯ ಹಿಡಿಯಿತು, ಪಟ್ಟಿ ಚಪ್ಪಟೆಯಾಗಿದೆ. ಜೋಡಣೆ 6ನೇ ಸಾಲಿಗೆ ಇಡುತ್ತೇನೆ. ಇನ್ನು ಎರಡು ಪ್ರಶ್ನೆ. 2.5 ಸೆಂ.ಮೀ. ಕಣ್ಣುಗಳಿಂದ ಪೆನ್ನು, ಕೀಲಿ ಜಾರಿ ಬೀಳುತ್ತವಲ್ಲ, ಒಳಗೆ ಬಟ್ಟೆ ಹಾಕುವುದು ಹೇಗೆ? ಹಿಡಿಯ ಜೊತೆಗೆ ಹೆಗಲಿಗೆ ಹಾಕುವ ಪಟ್ಟಿಯೂ ಬೇಕಾದರೆ ಎಷ್ಟು ದಾರ?

ನೂಲುಗಂಟು

ಅಸ್ತರಿನ ಅಳತೆ ಹೆಣೆದ ದಿನವೇ ತೆಗೆಯಬೇಡಿ. ಹತ್ತಿ ಗಂಟುಗಳು ಮೊದಲ ಸಲ ಭಾರ ಬಿದ್ದಾಗ ಬಿಗಿದುಕೊಂಡು ಬ್ಯಾಗು ಇಳಿಬೀಳುತ್ತದೆ. ಎರಡು ಮೂರು ಕೆ.ಜಿ. ತೂಕ ಇಟ್ಟು ಒಂದು ರಾತ್ರಿ ನೇತುಹಾಕಿ, ಆಮೇಲೆ ಜೋಡಣೆಯ ಸಾಲಿನಿಂದ ತಳದವರೆಗೆ ಅಳೆಯಿರಿ.

ಉದಾಹರಣೆಗೆ ಅಗಲ 26, ಆಳ 18 ಬಂದಿತೆನ್ನಿ. ತಳ ಮಡಿಕೆಯಲ್ಲಿ ಬರುವಂತೆ ಒಂದೇ ತುಂಡು ಬಟ್ಟೆ: ಅಗಲ 26ಕ್ಕೆ ಎರಡೂ ಬದಿ ಹೊಲಿಗೆಗೆ 1.5ರಂತೆ ಸೇರಿಸಿ 29. ಉದ್ದ 18ರ ಎರಡರಷ್ಟು 36, ಬಾಯಿ ಮಡಚಲು 3ರಂತೆ 6, ಒಟ್ಟು 42 ಸೆಂ.ಮೀ. ತಳಕ್ಕೆ 6 ಸೆಂ.ಮೀ. ಅಗಲ ಕೊಡಲು ಮೂಲೆಗಳನ್ನು ಚಿಮುಟಿ ಅಡ್ಡ ಹೊಲಿಯುವುದಾದರೆ ಆಳ 3 ಸೆಂ.ಮೀ. ಕಡಿಮೆಯಾಗುತ್ತದೆ. ಆಗ ಉದ್ದವನ್ನು 48 ಮಾಡಿ. ಅಸ್ತರು ಬ್ಯಾಗಿಗಿಂತ ದೊಡ್ಡದಾದರೆ ಕಣ್ಣುಗಳಿಂದ ಬಟ್ಟೆ ಗುಳ್ಳೆಗುಳ್ಳೆಯಾಗಿ ಈಚೆ ಬರುತ್ತದೆ, ತೀರಾ ಚಿಕ್ಕದಾದರೆ ಭಾರವೆಲ್ಲ ಹೊಲಿಗೆಯ ಮೇಲೆ ಬಿದ್ದು ಬಾಯಿ ಹರಿಯುತ್ತದೆ.

ಕೂರಿಸುವಾಗ ಅಂಟು ಬಳಸಬೇಡಿ. ಜೋಡಣೆಯ ಸಾಲಿನ ಹನ್ನೆರಡು ಗಂಟಿನ ಹಿಂಬದಿಗೆ, ಒಂದೊಂದಕ್ಕೂ ನಾಲ್ಕೈದು ಹೊಲಿಗೆ, ಗಟ್ಟಿ ನೂಲಿನಲ್ಲಿ. ಸೂಜಿ ದಾರದ ಹುರಿಯೊಳಗೆ ತೂರಬೇಕು, ಗಂಟಿನ ಸುತ್ತ ಬಳಸಿದರೆ ಜಾರುತ್ತದೆ. ಗಂಟು ಗಂಟಿನ ನಡುವೆ ಬಟ್ಟೆ ಹಾಗೇ ಇರಲಿ, ಎಳೆಗೆ ಹೊಲಿದರೆ ಜಾಳಿಗೆ ಹಿಗ್ಗುವುದು ನಿಲ್ಲುತ್ತದೆ.

ಹೆಗಲ ಪಟ್ಟಿಗೆ ಎರಡು ನಡು ಎಳೆ ಸಾಲದು, 1.2 ಸೆಂ.ಮೀ. ಅಗಲ ಭುಜಕ್ಕೆ ಕೊರೆಯುತ್ತದೆ. ನಡುವೆ ನಾಲ್ಕು, ಕಟ್ಟಲು ಎರಡು. ನಡು ಎಳೆ ಹೆಚ್ಚಿದಷ್ಟೂ ಕಟ್ಟುವ ಎಳೆ ದೂರ ಹಾಯಬೇಕು, ಆದ್ದರಿಂದ ಪಟ್ಟಿಯ ಉದ್ದದ 5.5 ಪಟ್ಟು ಹಿಡಿಯಿರಿ. 100 ಸೆಂ.ಮೀ. ಪಟ್ಟಿಗೆ 11.6 ಮೀಟರ್ ದಾರ ಒಂದನ್ನು ಮಡಚಿ ಕಟ್ಟುವುದಕ್ಕೆ, 2.8 ಮೀಟರಿನ ಎರಡನ್ನು ಮಡಚಿ ನಡುವೆ. ಒಟ್ಟು 17 ಮೀಟರ್ ಚಿಲ್ಲರೆ. ಅಷ್ಟುದ್ದ ಎಳೆಯನ್ನು ಪ್ರತಿ ಗಂಟಿಗೂ ಎಳೆಯುತ್ತಿದ್ದರೆ ನಾರು ಏಳುತ್ತದೆ. ಹೆಬ್ಬೆರಳು ಕಿರುಬೆರಳಿಗೆ ಎಂಟಿನ ಆಕಾರದಲ್ಲಿ ಸುತ್ತಿ ನಡುವೆ ರಬ್ಬರ್ ಬ್ಯಾಂಡ್ ಹಾಕಿ ಬೇಕಾದಷ್ಟೇ ಬಿಡಿಸಿಕೊಳ್ಳಿ.

ಹತ್ತಿ ಪಟ್ಟಿ ಹೊತ್ತಷ್ಟೂ ಉದ್ದವಾಗುತ್ತದೆ. ಅದು ಬೇಡವೆಂದರೆ ನಾಲ್ಕು ನಡು ಎಳೆಗಳಲ್ಲಿ ಎರಡನ್ನು ಅದೇ ದಪ್ಪದ ಪಾಲಿಯೆಸ್ಟರ್ ಹಗ್ಗ ಮಾಡಿ. ನೈಲಾನ್ ಬೇಡ, ಅದು ಪಾಲಿಯೆಸ್ಟರಿಗಿಂತ ಹೆಚ್ಚು ಹಿಗ್ಗುತ್ತದೆ. ಗಂಟಿನೊಳಗೆ ಮುಚ್ಚಿಹೋಗುವುದರಿಂದ ಬಣ್ಣ ಬೇರೆಯಿದ್ದರೂ ಕಾಣುವುದಿಲ್ಲ.

ಬ್ಯಾಗು 53, ಪಟ್ಟಿ 17, ಕೀಚೈನು 3, ಮಾದರಿಗೆ 3. ಕತ್ತರಿಸುವಾಗಿನ ನಷ್ಟ ಸೇರಿ 85 ಮೀಟರ್ ಒಂದೇ ಉಂಡೆಯಲ್ಲಿ ಇರಲಿ. ಬಣ್ಣ ಹಾಕಿದ ಕಂತು ಬದಲಾದರೆ ಛಾಯೆಯೂ ಬದಲಾಗುತ್ತದೆ.

ಕುಚ್ಚುಕಟ್ಟು

ಬಣ್ಣದ ದಾರವಾದರೆ ಶುರುವಿಗೆ ಮುನ್ನ ಒದ್ದೆ ಬಿಳಿ ಬಟ್ಟೆಯಲ್ಲಿ ತುಂಡೊಂದನ್ನು ಹಿಂಡಿ ನೋಡಿ. ಬಣ್ಣ ಬಿಟ್ಟರೆ ಅಸ್ತರಿಗೆ ತಿಳಿ ಬಟ್ಟೆ ಹಾಕಬೇಡಿ. ಒಗೆದ ಮೇಲೆ ಬ್ಯಾಗನ್ನು ನೇತುಹಾಕದೆ ಚಪ್ಪಟೆಯಾಗಿ ಹರಡಿ ಒಣಗಿಸಿ, ನೀರಿನ ಭಾರಕ್ಕೇ ಜಾಳಿಗೆ ಉದ್ದವಾಗುತ್ತದೆ.

ನಡುವೆ ಎಲ್ಲಾದರೂ ಎಳೆ ಗಿಡ್ಡವಾದರೆ ಆ ಸಾಲಿನಲ್ಲಿ ಅದು ನಡು ಎಳೆಯಾಗಿರುವಾಗಲೇ ಬದಲಿಸಿ. ಹೊಸ ತುಂಡನ್ನು ಅದರ ಪಕ್ಕಕ್ಕೆ ಇಟ್ಟು, ತುದಿ 5 ಸೆಂ.ಮೀ. ಮೇಲೆ ಚಾಚಿರಲಿ, ಎರಡನ್ನೂ ಸೇರಿಸಿ ಗಂಟು ಹಾಕಿ. ಮುಂದಿನ ಸಾಲಿನಲ್ಲಿ ಹೊಸದೇ ಕಟ್ಟುತ್ತದೆ, ಹಳೆಯದನ್ನು ಹಿಂದಕ್ಕೆ ಬಿಡಿ. ಕೊನೆಗೆ ಎರಡು ತುದಿಯನ್ನೂ ಒಳಬದಿಯಲ್ಲಿ ಅದೇ ಗಂಟಿನ ಹಿಂದೆ ಸೂಜಿಯಿಂದ ತೂರಿಸಿ, ಒಂದು ಹನಿ ಅಂಟು ಹಾಕಿ, ಒಣಗಿದ ಮೇಲೆ ಕತ್ತರಿಸಿ. ಕಟ್ಟುವ ಎಳೆಗೆ ಈ ಜೋಡಣೆ ಮಾಡಿದರೆ ಭಾರ ಬಿದ್ದ ದಿನ ಅದೇ ಮೊದಲು ಕಳಚುತ್ತದೆ.